ಸಾಕಮ್ಮನ ಪಾಸು

ಕೆಂಪಾಜಮ್ಮ: ಅದೆಲ್ಲ ನಂಗೊತ್ತಿಲ್ಲ ಮೇಷ್ಟ್ರೇ. ನನ್ ಮಗಳ್ನ ಫೇಲ್ ಮಾಡಿ.

ಮೇಷ್ಟ್ರು: ಆಗಲ್ಲ ಕಣಮ್ಮ. ಸಾಕಮ್ಮ ಪಾಸಾಗಿ ಹದಿನೈದು ದಿನ ಆಯ್ತು.

ಹನಗೋಡಿನ ಪಕ್ಕದ ಆ ಹಳ್ಳಿಯಲ್ಲಿ ಶಾಲೆ ನಡೆಯುತ್ತಿದ್ದುದು ಚಾವಡಿಯಲ್ಲಿ. ಇಪ್ಪತ್ತೆರಡು ಮಕ್ಕಳಿಗೆ ರುದ್ರಸ್ವಾಮಿ ಮೇಷ್ಟ್ರು ಒಬ್ಬರೇ. ಕೆಂಪಾಜಮ್ಮ ಕಳೆ ಕೀಳುವುದನ್ನು ಅರ್ಧಕ್ಕೆ ಬಿಟ್ಟು, ಸೆರಗಿನಲ್ಲಿ ಒಂದು ಅಂಚೆ ಕಾರ್ಡು ಕಟ್ಟಿಕೊಂಡು ಬಂದಿದ್ದಳು.

ಕೆಂಪಾಜಮ್ಮ: ಪಾಸಾದೋಳು ಓದ್ಬೇಕಲ್ವಾ?

ಮೇಷ್ಟ್ರು: ಓದ್ತಾಳಲ್ಲಮ್ಮ! ಪುಸ್ತಕ ಪೂರ್ತಿ. ಒಂದಕ್ಷರ ತಪ್ಪಿಲ್ಲ.

ಕೆಂಪಾಜಮ್ಮ: ಪುಸ್ತಕ ಮಡಚಿಟ್ರೂ ಓದ್ತಾಳೆ.

ಮೇಷ್ಟ್ರು: ನೋಡ್ದ್ಯಾ? ಅದು ಇನ್ನೂ ಜಾಣತನ.

ಕೆಂಪಾಜಮ್ಮ: ಏನ್ ಜಾಣತನ ಬುಡಿ! ಪಿರಿಯಾಪಟ್ಟಣದಿಂದ ನನ್ ತಮ್ಮ ಕಾಗ್ದ ಬರ್ದಿದ್ದ. ಓದವ್ವ ಅಂತ ಇವಳ ಕೈಗೆ ಕೊಟ್ಟೆ. 'ಹಸು ಹಾಲು ಕೊಡುತ್ತದೆ' ಅಂದ್ಲು. ತಮ್ಮ ಹಸ ಕೊಡೋಕೆ ಕರೀತಾವ್ನೆ ಅಂದ್ಕಂಡು, ಹಗ್ಗ ತಕ್ಕೊಂಡು ಅಷ್ಟು ದೂರ ನಡ್ಕೊಂಡು ಹೋದೆ.

ಮೇಷ್ಟ್ರು: ಕೊಟ್ನಾ?

ಕೆಂಪಾಜಮ್ಮ: ಮನೆಗೆ ಬೀಗ! 'ನಾವು ಊರಲ್ಲಿರಲ್ಲ, ಬರ್ಬೇಡ' ಅಂತ ಬರ್ದಿದ್ನಂತೆ. ಪಕ್ಕದ ಮನೆಯೋರು ಯೋಳುದ್ರು.

ಮೇಷ್ಟ್ರು: ಹಸು ಹಾಲು ಕೊಡೋದೇನೂ ಸುಳ್ಳಲ್ವಲ್ಲಮ್ಮ.

ಕೆಂಪಾಜಮ್ಮ: ತಕ್ಕಳಿ, ನೀವೇ ಓದಿ. ಇದರಾಗೆ ಹಸ ಎಲ್ಲೈತೆ ನೋಡುವಾ.

ಮೇಷ್ಟ್ರು ಕಾರ್ಡನ್ನು ಕೈ ಚಾಚಿ ಹಿಡಿದರು. ಮೂಗಿನ ಹತ್ತಿರ ತಂದರು. ಕೆಮ್ಮಿದರು.

ಮೇಷ್ಟ್ರು: 'ಇತ್ತ ಕಡೆ ಎಲ್ಲರೂ ಕ್ಷೇಮ...'

ಕೆಂಪಾಜಮ್ಮ: ಮೇಷ್ಟ್ರೇ, ಈಚೆ ಕಡೆ ಸ್ಟಾಂಪಿನಾಗೆ ದೊರೆ ತಲೆಕೆಳಗಾಗವ್ನೆ.

ಮೇಷ್ಟ್ರು ಕಾರ್ಡು ತಿರುಗಿಸಿದರು. ಆದರೂ ಓದಲಿಲ್ಲ.

ಕೆಂಪಾಜಮ್ಮ: ಎಷ್ಟು ದಿನದಿಂದ?

ಮೇಷ್ಟ್ರು: ಎರಡು ವರ್ಷ ಆಯ್ತು. ದೂರದ್ದು ಕಾಣುತ್ತೆ, ಅಕ್ಷರ ಕಾಣಲ್ಲ. ಪಾಠ ಬಾಯಲ್ಲಿದೆ, ಹೇಳ್ತೀನಿ. ಮಕ್ಕಳೂ ಹಾಗೇ ಹೇಳ್ತಾವೆ. ಮೇಲಿನವರಿಗೆ ಗೊತ್ತಾದ್ರೆ ನನ್ನನ್ನ ಮನೆಗೆ ಕಳಿಸ್ತಾರೆ. ಈ ಊರಿಗೆ ಬೇರೆ ಯಾರೂ ಬರಲ್ಲ ಕಣಮ್ಮ.

ಕೆಂಪಾಜಮ್ಮ ಬೈಯಲೆಂದೇ ಬಂದವಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಬೈಗುಳ ಬಾಯಿಗೆ ಬರಲಿಲ್ಲ.

ಕೆಂಪಾಜಮ್ಮ: ಮೈಸೂರಲ್ಲಿ ಕನ್ನಡಕ ಕೊಡ್ತಾರಂತಲ್ಲ?

ಮೇಷ್ಟ್ರು: ಹಾಕ್ಕೊಂಡ್ರೆ ಎಲ್ರೂ ನೋಡ್ತಾರೆ.

ಕೆಂಪಾಜಮ್ಮ: ಅವರು ನೋಡ್ಲಿ ಬುಡಿ. ನೀವೂ ನೋಡಿ.

ಶನಿವಾರ ಅವಳೇ ಗಾಡಿ ಹೂಡಿಸಿ, ಹುಣಸೂರಿಗೆ ಕರೆದೊಯ್ದು ಮೇಷ್ಟ್ರನ್ನು ಬಸ್ಸು ಹತ್ತಿಸಿದಳು. ಅವರು ಕನ್ನಡಕ ಹಾಕಿಕೊಂಡು ಮರಳಿದರು. ಸೋಮವಾರ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು, ಪುಸ್ತಕದ ನಡುವಿನ ಯಾವುದೋ ಪುಟ ತೆಗೆದು, ಸಾಲಿನ ಮೇಲೆ ಬೆರಳಿಟ್ಟು ಓದಿಸಿದರು. ಮಧ್ಯಾಹ್ನದ ಹೊತ್ತಿಗೆ ಒಮ್ಮೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ತಪ್ಪು ಕನ್ನಡಕದ್ದಾಗಿರಲಿಲ್ಲ.

ಸಂಜೆ ಕೆಂಪಾಜಮ್ಮ ಚಾವಡಿಗೆ ಬಂದಳು.

ಕೆಂಪಾಜಮ್ಮ: ಫೇಲ್ ಮಾಡಿದ್ರಾ?

ಮೇಷ್ಟ್ರು: ಮಾಡ್ದೆ. ನಾಳೆಯಿಂದ ಮತ್ತೆ ಅ ಆ ಇ ಈ. ನನ್ನದೇ ತಪ್ಪು, ನಾನೇ ತಿದ್ದಿಸ್ತೀನಿ.

ಕೆಂಪಾಜಮ್ಮ: ಒಳ್ಳೇದಾಯ್ತು ಬುಡಿ. ಇವಳೊಬ್ಳೇನಾ?

ಮೇಷ್ಟ್ರು: ಇಪ್ಪತ್ತೆರಡು ಜನಾನೂ.



ಕೆಂಪಾಜಮ್ಮ: ಫೇಲಾದೋರಲ್ಲಿ ನನ್ ಮಗಳು ಎಷ್ಟನೇವಳು?

ಮೇಷ್ಟ್ರು: ಮೊದಲನೇವಳು. ಅಕ್ಷರ ಕೂಡಿಸಿ ಮೂರು ಪದ ಓದಿದ್ಲು, ತಾನಾಗೇ.

ಕೆಂಪಾಜಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

ಕೆಂಪಾಜಮ್ಮ: ಅಂಗಂತ ಒಂದು ಚೀಟಿ ಬರ್ಕೊಡಿ ಮೇಷ್ಟ್ರೇ. ನಮ್ಮ ಬೀದಿಯೋರಿಗೆ ತೋರಿಸ್ಬೇಕು.