ವಿಮಾನಕ್ಕೆ ಅಭ್ಯಂಜನ

ಶನಿವಾರ ಬೆಳಿಗ್ಗೆ ಎಂಟೂವರೆಗೆ ವೆಂದೆಲೀನ್ ಮೂರನೇ ಮಹಡಿಯ ಮೆಟ್ಟಿಲು ಒರೆಸುತ್ತಿದ್ದ. ಆ ಕಟ್ಟಡದಲ್ಲಿ ಮೆಟ್ಟಿಲು ಒರೆಸುವ ಸರದಿ ಯಾರದೋ ಅವರ ಬಾಗಿಲಿನ ಹಿಡಿಗೆ ವಾರಕ್ಕೊಮ್ಮೆ ಒಂದು ರಟ್ಟಿನ ಚೀಟಿ ಬಂದು ತೂಗಾಡುತ್ತಿತ್ತು. ತೂಗುಹಾಕುವವರನ್ನು ಯಾರೂ ಕಂಡವರಿಲ್ಲ, ಚೀಟಿಯನ್ನು ಮೀರಿದವರೂ ಇಲ್ಲ. ವೆಂದೆಲೀನ್ ಅಂತೂ ಯಾವುದನ್ನೂ ಮೀರುವ ಪೈಕಿಯಲ್ಲ. ಜೇಬಿನಲ್ಲಿ ಟಿಕೆಟ್ ಇದ್ದರೂ ಟ್ರಾಮಿನ ತಪಾಸಣೆಯವನನ್ನು ಕಂಡರೆ ಬೆವರುವ ಮನುಷ್ಯ ಅವನು. ಅದರಲ್ಲೂ ಇವತ್ತು ಒಂದೇ ಮೆಟ್ಟಿಲನ್ನು ಮೂರನೇ ಸಲ ಒರೆಸುತ್ತಿದ್ದ. ಮಧ್ಯಾಹ್ನ ಎರಡಕ್ಕೆ ಪ್ರದರ್ಶನ.

ಮೇಲಿನಿಂದ ಚಪ್ಪಲಿ ಸಪ್ಪಳವಾಯಿತು. ಏಳು ವರ್ಷದ ಮಗಳು ಅಪೊಲೆಂಕಾ ಕಂಬಿ ಹಿಡಿದು ಬಗ್ಗಿ ನಿಂತಿದ್ದಳು.

"ಅಪ್ಪಾ, ಅಜ್ಜಿ ವಿಮಾನಕ್ಕೆ ಸ್ನಾನ ಮಾಡಿಸ್ತಿದಾರೆ."

ವೆಂದೆಲೀನ್‌ನ ಕೈಯಿಂದ ಕೋಲು ಜಾರಿತು. ಬಕೆಟ್ ಉರುಳಿ, ಒಂದೊಂದೇ ಮೆಟ್ಟಿಲಿಗೆ ಒಂದೊಂದು ಸದ್ದು ಮಾಡುತ್ತಾ ಎರಡನೇ ಮಹಡಿಗೆ ಇಳಿದುಹೋಯಿತು. ಅವನು ಮೇಲಕ್ಕೆ ಓಡಿದ.

ಆ ವಿಮಾನವೆಂದರೆ ಅವನ ಮೂರು ವರ್ಷ. ಇಂಗ್ಲೆಂಡಿನಲ್ಲಿದ್ದ ಚಿಕ್ಕಪ್ಪನ ಮಗ ಕಳಿಸಿದ್ದ ದೊಡ್ಡ ಪೆಟ್ಟಿಗೆಯ ಬಿಡಿಭಾಗಗಳಿಂದ ಕಟ್ಟಿದ ಸ್ಪಿಟ್‌ಫೈರ್ ಯುದ್ಧವಿಮಾನದ ಮಾದರಿ. ರೆಕ್ಕೆಯ ತುದಿಯಿಂದ ತುದಿಗೆ ಒಂದು ಮೊಳಕ್ಕೂ ಹೆಚ್ಚು. ಪೈಲಟ್ ಕೂರುವ ಜಾಗದ ಬೆಲ್ಟನ್ನು ಅವನು ವೈನ್ ಬಾಟಲಿಯ ಕತ್ತಿನ ತಗಡಿನಿಂದ ಕತ್ತರಿಸಿದ್ದ. ಮೊಳೆಗಳ ಗುರುತನ್ನು ಸೂಜಿಯಲ್ಲಿ ಚುಚ್ಚಿದ್ದ. ಕಟ್ಟಿ ಮುಗಿದ ಮೇಲೆ ಎರಡು ತಿಂಗಳು ಅದನ್ನು ಕೊಳೆ ಮಾಡುವುದರಲ್ಲೇ ಕಳೆದಿದ್ದ. ಎಂಜಿನ್ ಹೊಗೆಯ ಮಸಿ, ಹೊಟ್ಟೆಯ ಕೆಳಗೆ ಸೋರಿದ ಎಣ್ಣೆ, ಕಾಲಿಟ್ಟು ಹತ್ತುವ ಕಡೆ ಬಣ್ಣ ಸವೆದು ಇಣುಕುವ ಲೋಹ, ಚಕ್ರಕ್ಕೆ ಹುಲ್ಲುಗಾವಲಿನ ಕೆಸರು. ಈ ಕಲೆ ಬಲ್ಲವರಿಗೆ ವಿಮಾನ ಕಟ್ಟುವುದು ಅರ್ಧ ಕೆಲಸ, ಅದು ಯುದ್ಧ ಮಾಡಿ ಬಂದಂತೆ ಕಾಣಿಸುವುದು ಇನ್ನರ್ಧ.

ಸ್ನಾನದ ಮನೆಯಲ್ಲಿ ಅತ್ತೆ ಬ್ಲಾಝೆನಾ ಅಂಗಿಯ ತೋಳು ಮಡಿಸಿ, ಟಬ್ಬಿನ ಅಂಚಿನಲ್ಲಿ ಕೂತು, ಪಾತ್ರೆ ತೊಳೆಯುವ ಸೋಪಿನ ನೊರೆಯಲ್ಲಿ ವಿಮಾನದ ಬೆನ್ನು ಉಜ್ಜುತ್ತಿದ್ದರು. ಕೈಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷು. ಮಗುವಿನ ಕಿವಿಯ ಹಿಂದೆ ಉಜ್ಜುವಂಥ ಅಕ್ಕರೆಯಿಂದ ರೆಕ್ಕೆಯ ಸಂದಿಗಳನ್ನು ಉಜ್ಜುತ್ತಿದ್ದರು.

"ನೋಡಿ ಅಳಿಯಂದ್ರೇ, ಮೂರು ಸಲ ನೀರು ಬದಲಾಯಿಸಿದೆ. ಇಂಥಾದ್ದನ್ನ ನಾಲ್ಕು ಜನರ ಮುಂದೆ ಇಟ್ಟಿದ್ರೆ ನನ್ನ ಮಗಳ ಮರ್ಯಾದೆ ಏನಾಗ್ತಿತ್ತು? ಬಾಲದ ಹತ್ರ ಜೇಡರ ಬಲೆ ಬೇರೆ ಕಟ್ಟಿತ್ತು. ಅದನ್ನೂ ತೆಗ್ದೆ."

ಜೇಡರ ಬಲೆಯೆಂದರೆ ರೇಡಿಯೋ ತಂತಿ. ಅದನ್ನು ಎಳೆಯಲು ವೆಂದೆಲೀನ್‌ಗೆ ನಾಲ್ಕು ಭಾನುವಾರ ಬೇಕಾಗಿತ್ತು.

ವಿಮಾನ ಅಂಗಡಿಯಿಂದ ಈಗಷ್ಟೇ ತಂದ ಆಟಿಕೆಯಂತೆ ಫಳಫಳ ಹೊಳೆಯುತ್ತಿತ್ತು. ಅವನ ಕಣ್ಣಿಗೆ ಕಂಡದ್ದು ಅದಲ್ಲ. ಶಿಂಬೆರಾ ಅವರ ಮುಖ. ಯುದ್ಧಕಾಲದಲ್ಲಿ ಇಂಗ್ಲೆಂಡಿನ ವಾಯುಸೇನೆಯಲ್ಲಿದ್ದ ನಮ್ಮ ಚೆಕ್ ದಳದಲ್ಲಿ ಮೆಕ್ಯಾನಿಕ್ ಆಗಿದ್ದವರು ಶಿಂಬೆರಾ. ಈ ಬೀದಿಯಲ್ಲೇ ಹುಟ್ಟಿದ ಪೈಲಟ್ ಹಿನೆಕ್‌ನ ವಿಮಾನ ಅವರ ಕೈಯಲ್ಲೇ ಇತ್ತು. ಊರಿಗೆ ಮರಳಿದ ಮೇಲೆ ಕಮ್ಯುನಿಸ್ಟ್ ಆಳ್ವಿಕೆಯಲ್ಲಿ ಅದರ ಮಾತೆತ್ತುವ ಹಾಗಿರಲಿಲ್ಲ, ನಲವತ್ತು ವರ್ಷ ಬಾಯಿ ಮುಚ್ಚಿಕೊಂಡು ಯಾವುದೋ ಬಾಯ್ಲರ್ ಕೋಣೆಯಲ್ಲಿ ದುಡಿದರು. ಸರ್ಕಾರ ಬದಲಾದ ಮೇಲೆ ಬಾಯಿ ಬಿಟ್ಟಿದ್ದಾರೆ, ಬಿಟ್ಟರೆ ಎಲ್ಲರಿಗೂ ನಡುಕ. ಹೋದ ವರ್ಷ ಒಬ್ಬ ಮೇಷ್ಟ್ರ ಮಾದರಿಯ ಮುಂದೆ ನಿಂತು ಅವರು ಹೇಳಿದ್ದು ಎರಡೇ ಮಾತು, "ಇದು ಹಾರಲ್ಲ." ಮೇಷ್ಟ್ರು ಅಂದಿನಿಂದ ಅಂಚೆಚೀಟಿ ಸಂಗ್ರಹಿಸುತ್ತಿದ್ದಾರೆ.

ಇವತ್ತು ಶಿಂಬೆರಾ ಆರಿಸಿದ ವಿಮಾನ ಊರಿನ ವಸ್ತುಸಂಗ್ರಹಾಲಯಕ್ಕೆ ಹೋಗುತ್ತದೆ. ಹಿನೆಕ್‌ನ ಚಿತ್ರದ ಕೆಳಗೆ, ಗಾಜಿನ ಪೆಟ್ಟಿಗೆಯಲ್ಲಿ, ಶಾಶ್ವತವಾಗಿ. ವೆಂದೆಲೀನ್ ಕಟ್ಟಿದ್ದೂ ಹಿನೆಕ್‌ನ ವಿಮಾನವನ್ನೇ. ಇನ್ನೊಂದು ಕರಾರೂ ಇತ್ತು, ಅದು ಮನೆಯೊಳಗಿನದು. ಅತ್ತೆ ಅಕ್ಟೋಬರಿನಲ್ಲಿ ಮಂಡಿ ನೋವಿನ ಚಿಕಿತ್ಸೆಗೆಂದು ಬಂದವರು ಅಡುಗೆಮನೆಯಲ್ಲಿ ಮಡಿಸುವ ಮಂಚದ ಮೇಲೆ, ಫ್ರಿಜ್ಜಿಗೆ ಕಾಲು ತಾಗಿಸಿಕೊಂಡು ಮಲಗುತ್ತಿದ್ದರು. ಮನೆಯಲ್ಲಿ ಮಿಕ್ಕಿದ್ದ ಒಂದೇ ಒಂದು ಪುಟ್ಟ ಕೋಣೆ ವಿಮಾನದ್ದು. ಹೆಂಡತಿ ರಾದ್ಕಾ ತೀರ್ಪು ಕೊಟ್ಟಿದ್ದಳು: ವಿಮಾನ ಗಾಜಿನ ಪೆಟ್ಟಿಗೆ ಸೇರಿದರೆ ಅವನ ಕೆಲಸದ ಮೇಜು ಉಳಿಯುತ್ತದೆ, ಇಲ್ಲವಾದರೆ ಮೇಜು ನೆಲಮಾಳಿಗೆಗೆ, ಕೋಣೆ ಅಮ್ಮನಿಗೆ. ತೀರ್ಪು ಕೊಟ್ಟವಳು ಇವತ್ತು ಆಸ್ಪತ್ರೆಯಲ್ಲಿ ನರ್ಸ್ ಪಾಳಿಗೆ ಹೋಗಿದ್ದಳು.

ವೆಂದೆಲೀನ್ ಜೀವಮಾನದಲ್ಲಿ ಮೊದಲ ಸಲ ದನಿ ಎತ್ತಿದ.

"ನಿಮಗೆ ಕೋಣೆ ಬೇಕಿತ್ತು. ಅದಕ್ಕೇ ತೊಳೆದ್ರಿ."

ಹೇಳಿ ತಿರುಗಿದರೆ ಬಾಗಿಲಲ್ಲಿ ಇಬ್ಬರು ನೆರೆಯವರು. ಬಕೆಟ್ಟಿನ ಸದ್ದಿಗೆ ಹೊರಬಂದು, ಮೆಟ್ಟಿಲ ನೀರಿನ ಜಾಡು ಹಿಡಿದು ಬಂದಿದ್ದರು. ಒಬ್ಬರು ಮುಸಿಲ್, ಉಗಿಬಂಡಿಗೆ ಕಲ್ಲಿದ್ದಲು ಹಾಕಿ ನಿವೃತ್ತರಾದವರು. ಇನ್ನೊಬ್ಬರು ವ್ರಾನೋವಾ, ಓಲೊಮೌತ್ಸ್ ನಗರದ ನಾಟಕಶಾಲೆಯಲ್ಲಿ ಮೂವತ್ತು ವರ್ಷ ನಟರ ಮುಖಕ್ಕೆ ಬಣ್ಣ ಹಚ್ಚಿದವರು.

ಅತ್ತೆ ನಿಧಾನವಾಗಿ ಕೈ ಒರೆಸಿಕೊಂಡರು. "ಹಾಗಂತೀರಾ" ಎಂದಷ್ಟೇ ಹೇಳಿ, ಅಡುಗೆಮನೆಗೆ ಹೋಗಿ ಮಂಚದ ಮೇಲೆ ಫ್ರಿಜ್ಜಿನ ಕಡೆ ಮುಖ ಮಾಡಿ ಕೂತರು. ಅಪೊಲೆಂಕಾ ಅಜ್ಜಿಯ ಬೆನ್ನನ್ನೂ ಅಪ್ಪನ ಮುಖವನ್ನೂ ಒಂದಾದ ಮೇಲೊಂದು ನೋಡಿದಳು. ಏನೋ ಕೇಳಲು ಬಾಯಿ ತೆರೆದಳು. ವೆಂದೆಲೀನ್ ಆಗಲೇ ತಲೆಯ ಮೇಲೆ ಕೈ ಹೊತ್ತು ಟಬ್ಬಿನ ಅಂಚಿನಲ್ಲಿ ಕುಸಿದಿದ್ದ.

ವಿಷಯ ತಿಳಿದ ಮುಸಿಲ್ ಕನ್ನಡಕ ಏರಿಸಿ ವಿಮಾನವನ್ನು ಪರೀಕ್ಷಿಸಿದರು. "ಇದಕ್ಕೆ ಬೇಕಾದ್ದು ಮಸಿ. ಮಸಿ ವಿಷಯ ನಂಗೆ ಬಿಟ್ಬಿಡಿ." ವ್ರಾನೋವಾ ಅವರನ್ನು ಪಕ್ಕಕ್ಕೆ ಸರಿಸಿದರು. ಮಸಿ ಬಳಿಯೋದು ಬೇರೆ, ಮುಖಕ್ಕೆ ಕಳೆ ಕೊಡೋದು ಬೇರೆ ಎಂದರು. ವೇದಿಕೆಯ ಮೇಲೆ ಬದುಕಿದ್ದವರನ್ನ ಸಾಯಿಸಿದೀನಿ, ಸತ್ತೋರನ್ನ ಎಬ್ಬಿಸಿದೀನಿ, ಇದೇನ್ ಮಹಾ ಎಂದು ತಮ್ಮ ಬಣ್ಣದ ಪೆಟ್ಟಿಗೆ ತರಲು ಕೆಳಗೆ ಹೋದರು.

ಮುಂದಿನ ನಾಲ್ಕು ಗಂಟೆ ಆ ಪುಟ್ಟ ಕೋಣೆಯಲ್ಲಿ ನಡೆದದ್ದು ಶಸ್ತ್ರಚಿಕಿತ್ಸೆ. ಮುಸಿಲ್ ಮೇಣದಬತ್ತಿಯ ಮಸಿಯನ್ನು ಚಮಚದಲ್ಲಿ ಹಿಡಿದು ಎಂಜಿನ್ನಿನ ಪಕ್ಕಕ್ಕೆ ಬಳಿದರು. ಪೆಟ್ರೋಲ್ ಹೊಗೆಗೂ ಕಲ್ಲಿದ್ದಲ ಹೊಗೆಗೂ ಇರುವ ವ್ಯತ್ಯಾಸದ ಬಗ್ಗೆ ಅವರದು ಒಂದು ಸಿದ್ಧಾಂತವಿತ್ತು, ಅದು ಮುಗಿಯುವ ಹೊತ್ತಿಗೆ ಹನ್ನೊಂದು ಗಂಟೆ. ವ್ರಾನೋವಾ ಕಂದು ಪುಡಿಯಿಂದ ಎಣ್ಣೆ ಸೋರಿಸಿದರು, ಬೆಳ್ಳಿ ಪೆನ್ಸಿಲಿನಿಂದ ಬಣ್ಣ ಸವೆಸಿದರು. ಚಕ್ರಕ್ಕೆ ಕೆಸರು ಬೇಕೆಂದಾಗ ಮುಸಿಲ್ ತಮ್ಮ ಬಾಲ್ಕನಿಯ ಹೂಕುಂಡದಿಂದ ಮಣ್ಣು ತಂದರು. ತರುವಾಗ ಮೊಣಕೈ ತಾಗಿ ಚಕ್ರದ ಒಂದು ಕಾಲು ಟಕ್ಕೆಂದು ಮುರಿಯಿತು. ವೆಂದೆಲೀನ್‌ನ ಎದೆಯಲ್ಲೂ ಅದೇ ಸದ್ದು. ಅದನ್ನು ಮತ್ತೆ ಅಂಟಿಸಿದ. ಒಣಗಲಿ ಎಂದು ವ್ರಾನೋವಾ ಕೂದಲು ಒಣಗಿಸುವ ಯಂತ್ರ ಹಿಡಿದರೆ, ರೆಕ್ಕೆಯ ಮೇಲೆ ಅಂಟಿಸಿದ್ದ ವಾಯುಸೇನೆಯ ವೃತ್ತದ ಗುರುತು ಹಪ್ಪಳದಂತೆ ಅಂಚೆತ್ತಿತು. ಅದನ್ನು ನಾಲಗೆಯ ತೇವದಿಂದ ಒತ್ತಿ ಕೂರಿಸುವಾಗ ವೆಂದೆಲೀನ್ ಉಸಿರಾಡಿದನೋ ಇಲ್ಲವೋ ಅವನಿಗೇ ನೆನಪಿಲ್ಲ.

ಕೊನೆಗೆ ರೇಡಿಯೋ ತಂತಿ. ದಾರ ದಪ್ಪವಾಯಿತು, ಮಗಳ ಕೂದಲು ಹೊಂಬಣ್ಣದ್ದು. ವ್ರಾನೋವಾ ಕಣ್ಣು ಮುಚ್ಚಿ ತಮ್ಮ ತಲೆಯಿಂದ ಒಂದು ಬೂದು ಕೂದಲು ಕಿತ್ತು ಕೊಟ್ಟರು. ವಿಮಾನದ ಬೆನ್ನಿನ ಪುಟ್ಟ ಕಂಬದಿಂದ ಬಾಲಕ್ಕೆ ಅದನ್ನು ಬಿಗಿದ ಮೇಲೆ, ಯಾವುದೂ ಉದುರದ ಹಾಗೆ ಎಲ್ಲದರ ಮೇಲೂ ನಾಟಕದ ಮೆರುಗೆಣ್ಣೆ ಸಿಂಪಡಿಸಿದರು. ಇನ್ನು ನೂರು ವರ್ಷ ಇದು ಹೋಗಲ್ಲ ಎಂದು ಭರವಸೆ ಕೊಟ್ಟರು.

ಮೂವರೂ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ವಿಮಾನ ಹತ್ತು ಶತ್ರುಗಳನ್ನು ಕೆಡವಿ, ಅರ್ಧ ಜೀವದಲ್ಲಿ, ಕಡಲು ದಾಟಿ ಈಗಷ್ಟೇ ಇಳಿದಂತಿತ್ತು. ಎರಡು ತಿಂಗಳ ಕೊಳೆಗಿಂತ ನಾಲ್ಕು ಗಂಟೆಯ ಕೊಳೆಯೇ ಚೆನ್ನಾಗಿತ್ತು. ವೆಂದೆಲೀನ್‌ನ ಭಯ ಐದು ನಿಮಿಷ ಬಿಟ್ಟುಹೋಯಿತು. ಆಮೇಲೆ ಗಡಿಯಾರ ನೋಡಿದ, ಮರಳಿ ಬಂತು.

ಮೆರುಗೆಣ್ಣೆ ಇನ್ನೂ ಹಸಿಯಿದ್ದದ್ದರಿಂದ ಪೆಟ್ಟಿಗೆಯ ಮುಚ್ಚಳ ಹಾಕುವಂತಿರಲಿಲ್ಲ. ಟ್ರಾಮಿನಲ್ಲಿ ಅವನು ತೆರೆದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ತುಂಬಿದ ಹಾಲಿನ ಪಾತ್ರೆ ಹಿಡಿದವನಂತೆ ಕೂತ. ಪ್ರತಿ ತಿರುವಿನಲ್ಲೂ ಅವನ ಮುಖ ಒಂದೊಂದು ಬಣ್ಣಕ್ಕೆ ತಿರುಗಿತು. ಎದುರಿಗೆ ಈರುಳ್ಳಿ ಸೊಪ್ಪಿನ ಚೀಲ ಹಿಡಿದ ಹೆಂಗಸು, ಪಾಪ, ಎಷ್ಟೊಂದು ಧೂಳು ಎಂದು ಕರವಸ್ತ್ರ ತೆಗೆದು ಕೈ ಚಾಚಿದಳು. ವೆಂದೆಲೀನ್ ನಾಯಿಯಂತೆ ಗುರ್ರೆಂದ. ಆಕೆ ಎದ್ದು ಬೇರೆ ಕಡೆ ಕೂತಳು.

"ಅಪ್ಪಾ, ಅಜ್ಜಿಗೆ ನೀನು..." ಎಂದಳು ಪಕ್ಕದಲ್ಲಿ ಕೂತಿದ್ದ ಅಪೊಲೆಂಕಾ.

"ಈಗ ಬೇಡ ಪುಟ್ಟಾ. ಉಸಿರು ಬಿಟ್ರೂ ಕೂದ್ಲು ಅಲ್ಲಾಡತ್ತೆ."

ಅವಳು ಸುಮ್ಮನಾದಳು. ಒಳ್ಳೆಯ ಮಕ್ಕಳು ಹಾಗೆ ಸುಮ್ಮನಾಗುವುದನ್ನು ಕಂಡರೆ ದೊಡ್ಡವರು ಎಚ್ಚರವಾಗಬೇಕು. ವೆಂದೆಲೀನ್‌ಗೆ ಅಷ್ಟು ಬಿಡುವಿರಲಿಲ್ಲ.

ರೈಲ್ವೆಯವರ ಸಭಾಂಗಣದಲ್ಲಿ ಬಿಳಿ ಬಟ್ಟೆ ಹಾಸಿದ ಮೇಜುಗಳ ಮೇಲೆ ಹದಿನೇಳು ವಿಮಾನಗಳಿದ್ದವು. ಶಿಂಬೆರಾ ಕೈಯಲ್ಲಿ ಸಣ್ಣ ಟಾರ್ಚು, ಹಲ್ಲಿನ ವೈದ್ಯರ ಪುಟ್ಟ ಕನ್ನಡಿ ಹಿಡಿದು, ಒಂದೊಂದರ ಹೊಟ್ಟೆಯ ಕೆಳಗೂ ಇಣುಕುತ್ತಾ ಬರುತ್ತಿದ್ದರು. ಒಣಗಿದ ಕಡ್ಡಿಯಂಥ ದೇಹ, ಕಬ್ಬಿಣದಂಥ ಮೌನ. ಎರಡು ಕಡೆ ತಲೆಯಾಡಿಸಿದರು, ಎಲ್ಲಿಯೂ ಮಾತಾಡಲಿಲ್ಲ. ವೆಂದೆಲೀನ್‌ನ ಮೇಜಿಗೆ ಇನ್ನೂ ಮೂರು ವಿಮಾನವಿರುವಾಗಲೇ ಅವನು ಎದ್ದು ನೆಟ್ಟಗೆ ನಿಂತುಬಿಟ್ಟ.

ಕೊನೆಗೆ ಟಾರ್ಚಿನ ಬೆಳಕು ಅವನ ಸ್ಪಿಟ್‌ಫೈರ್ ಮೇಲೆ ಬಿತ್ತು. ಪೈಲಟ್ ಜಾಗಕ್ಕೆ, ಬೆಲ್ಟಿಗೆ, ಮೊಳೆಗಳಿಗೆ, ಚಕ್ರಕ್ಕೆ. ಶಿಂಬೆರಾ ಟಾರ್ಚು ಆರಿಸಿದರು.

"ಇದರ ಮೆಕ್ಯಾನಿಕ್ ಯಾರು ಗೊತ್ತಾ?"

"ತಾವು, ಸರ್."

"ಹಾಗಾದ್ರೆ ಈ ಕೊಳೆ ನಂದು ಅಂತಾಯ್ತು."

ವೆಂದೆಲೀನ್‌ಗೆ ಅರ್ಥವಾಗಲಿಲ್ಲ. ಹೌದು ಸರ್ ಎಂದುಬಿಟ್ಟ.

ಮುದುಕರು ದನಿ ಎತ್ತಲಿಲ್ಲ. "ದಿನಾ ಸಂಜೆ ಸೋಪಿನ ನೀರು, ಬಟ್ಟೆ, ಹಳೇ ಬ್ರಷ್ಷು. ಜನವರಿ ಚಳೀಲಿ ಬೆರಳು ಒಡೆದು ರಕ್ತ ಬರ್ತಿತ್ತು, ಆದ್ರೂ ತೊಳೀತಿದ್ದೆ. ರೆಕ್ಕೆ ಮೇಲೆ ಕೊಳೆ ಕೂತ್ರೆ ವೇಗ ಹೋಗತ್ತೆ. ವೇಗ ಹೋದ್ರೆ ಹಿನೆಕ್ ವಾಪಸ್ ಬರಲ್ಲ. ನಾನು ಹೆದರಿಕೊಂಡೇ ತೊಳೀತಿದ್ದೆ. ಅವನು ಪ್ರತಿ ಸಲಾನೂ ವಾಪಸ್ ಬಂದ."

ಶಿಂಬೆರಾ ಕನ್ನಡಿಯ ತುದಿಯಿಂದ ಬಾಲದ ತಂತಿಯನ್ನು ಮುಟ್ಟಿದರು.

"ಮತ್ತೆ ಇದು. ಹೊಸ ರೇಡಿಯೋ ಬಂದ್ಮೇಲೆ ನಾವು ಈ ತಂತೀನ ತೆಗೆದುಹಾಕಿದ್ವಿ." ಬಗ್ಗಿ ನೋಡಿದರು. "ಕೂದಲು."

"ಹೌದು, ಸರ್."

"ಕೆಲಸ ಮಾತ್ರ ಇಲ್ಲಿರೋದ್ರಲ್ಲೆಲ್ಲ ಒಳ್ಳೇದು. ಈ ತಂತಿ ಕಿತ್ತು, ಚೆನ್ನಾಗಿ ತೊಳೆದು ತಂದಿದ್ರೆ ಗಾಜಿನ ಪೆಟ್ಟಿಗೆ ನಿಮ್ದೇ ಆಗ್ತಿತ್ತು."

"ಬೆಳಿಗ್ಗೆ ಹಾಗೇ ಇತ್ತು, ಸರ್" ಎಂದ ವೆಂದೆಲೀನ್. ಅವನ ದನಿ ಯಾವುದೋ ಬಾವಿಯ ತಳದಿಂದ ಬಂದಂತಿತ್ತು.

"ಎಲ್ರೂ ಹಾಗೇ ಅಂತಾರೆ."

ಐದು ನಿಮಿಷ ಕೊಡಿ, ತೊಳೆದು ತರುತ್ತೇನೆ ಎಂದು ಅವನು ಅಂಗಲಾಚಿದ. ಕರವಸ್ತ್ರ ಒದ್ದೆ ಮಾಡಿ ರೆಕ್ಕೆ ಉಜ್ಜಿಯೂ ಉಜ್ಜಿದ. ನಾಟಕಶಾಲೆಯ ಮೆರುಗೆಣ್ಣೆ ಮಾತಿಗೆ ತಪ್ಪುವಂಥದ್ದಲ್ಲ. ಒಂದು ಚುಕ್ಕೆ ಮಸಿಯೂ ಅಲುಗಲಿಲ್ಲ. ಅಷ್ಟರಲ್ಲಿ ಗಾಜಿನ ಪೆಟ್ಟಿಗೆ ಮುಂದಿನ ಮೇಜಿನ ಔಷಧಿ ಅಂಗಡಿಯವನ ಪಾಲಾಯಿತು. ಅವನ ವಿಮಾನಕ್ಕೆ ಒಂದೇ ಒಂದು ಕಲೆ ಇರಲಿಲ್ಲ. ಕೊಳೆ ಮಾಡುವುದು ಅವನಿಗೆ ಇನ್ನೂ ಬರುತ್ತಿರಲಿಲ್ಲವಂತೆ.

ವೆಂದೆಲೀನ್ ತಲೆ ಎತ್ತಿದಾಗ ಸಭಾಂಗಣದ ಬಾಗಿಲಲ್ಲಿ ಒಂದು ನೀಲಿ ಟೋಪಿ ಕಂಡಿತು. ಅತ್ತೆ ಇಗರ್ಜಿಗೆ ಹಾಕುವ ಟೋಪಿ. ಎಡಕ್ಕೆ ಮುಸಿಲ್, ಬಲಕ್ಕೆ ವ್ರಾನೋವಾ, ನಡುವೆ ಮಂಡಿ ನೋವಿನ ಕಾಲು ಎಳೆದುಕೊಂಡು ಬ್ಲಾಝೆನಾ. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಗಸಗಸೆ ತುಂಬಿದ ಬಿಸಿ ಬನ್ನುಗಳ ವಾಸನೆ ಅಷ್ಟು ದೂರಕ್ಕೇ ಬಂತು. ಬೆಳಗಿನ ಮಾತನ್ನು ನುಂಗಿಕೊಂಡು, ಅಳಿಯ ಗೆದ್ದೇ ಗೆದ್ದಿರುತ್ತಾನೆಂದು ಬೇಯಿಸಿ ತಂದಿದ್ದರು. ನಗುತ್ತಾ, ಮೇಜುಗಳ ಸಾಲಿನ ನಡುವೆ ನೇರವಾಗಿ ಇವನ ಕಡೆಗೇ ಬರುತ್ತಿದ್ದರು.

ಇಡೀ ದಿನ ಶಿಂಬೆರಾ ಅವರಿಗೆ ಹೆದರಿದ್ದೇ ದಂಡವೆಂದು ವೆಂದೆಲೀನ್‌ಗೆ ಆಗ ಅನ್ನಿಸಿತು. ನಿಜವಾದ ಭಯವನ್ನು ಅವನು ಇನ್ನೂ ಕಂಡಿರಲೇ ಇಲ್ಲ. ಓಡಲು ಬೇರೆ ಬಾಗಿಲಿದೆಯೇ ಎಂದು ಸುತ್ತಲೂ ನೋಡಿದ. ಇರಲಿಲ್ಲ.

ಅಪೊಲೆಂಕಾ ಅವನ ಕೋಟಿನ ಅಂಚು ಹಿಡಿದು ಎಳೆದಳು. ಬೆಳಿಗ್ಗೆಯಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಪ್ರಶ್ನೆಯನ್ನು, ಹದಿನೇಳು ಮೇಜಿಗೂ ಕೇಳುವಂತೆ, ಸ್ಪಷ್ಟವಾಗಿ ಕೇಳಿದಳು.

"ಅಪ್ಪಾ, ಅಜ್ಜಿಗೆ ನೀನು ತಪ್ಪಾಯ್ತು ಅಂತ ಹೇಳ್ತೀಯೋ, ಇಲ್ಲಾ ನಾನೇ ಹೇಳ್ಲೋ?"