ಸೋರಲೇಬೇಕಾದ ಹಾಳೆ

ಸಾಗರದ ಹೊರವಲಯದ ನಮ್ಮ ಪುಟ್ಟ ಕಾರ್ಖಾನೆಯಲ್ಲಿ ತಯಾರಾಗುವುದು ತೆಳು ಪ್ಲಾಸ್ಟಿಕ್ ಪೊರೆ. ಅದರ ಮೈತುಂಬ ಕಣ್ಣಿಗೆ ಕಾಣದ ತೂತುಗಳು. ಗಾಳಿ ದಾಟುತ್ತದೆ, ನೀರು ದಾಟುವುದಿಲ್ಲ. ಇಷ್ಟನ್ನು ಜನರಿಗೆ ಹೇಳಿ ಒಪ್ಪಿಸುವುದೇ ನನ್ನ ಅರ್ಧ ನೌಕರಿ. ಹಾಗಾಗಿ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ.

೧. ನೆರೆಮನೆಯ ನೆರವು

ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಕ್ಕದ ಮನೆಯ ಅಮ್ಮ ಕೇಳಿದರು, "ಅಲ್ಲಿ ನೀವು ಎಂತ ಮಾಡೋದು?"

"ತೂತಿರೋ ಪ್ಲಾಸ್ಟಿಕ್ ಅಮ್ಮಾ."

ಮಾರನೆಯ ಬೆಳಿಗ್ಗೆ ಹಳೇ ಟಾರ್ಪಾಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ತಗಂಡ್ಹೋಗಿ. ಇಲಿಗಳು ಆಗ್ಲೇ ಅರ್ಧ ಕೆಲ್ಸ ಮುಗ್ಸಿದಾವೆ."

೨. ಕೆಟ್ಟ ಮೀಟರು

ಪೊರೆ ಎರೆಯುವ ಕೋಣೆಯ ಗಾಳಿ ಒಣಗಿರಬೇಕು. ಯಂತ್ರ ಕೂರಿಸಲು ಹೊರಗಿನ ಎಂಜಿನಿಯರ್ ಒಬ್ಬರು ಜುಲೈನಲ್ಲಿ ಬಂದರು. ತೇವ ಅಳೆಯುವ ಮೀಟರಿನ ಮುಳ್ಳು ಸೀದಾ ಕೊನೆಗೆ ಹೋಗಿ ನಿಂತಿತು. ಕೆಟ್ಟಿದೆ ಎಂದು ಇನ್ನೊಂದು ತರಿಸಿದರು. ಅದೂ ಹಾಗೇ. ಮೂರನೆಯದಕ್ಕೆ ಫೋನ್ ಎತ್ತಿದಾಗ ತೀರ್ಥಹಳ್ಳಿಯ ನಮ್ಮ ಎಲೆಕ್ಟ್ರಿಷಿಯನ್ ತಡೆಯಲಾರದೆ ಹೇಳಿದ: "ಮೀಟ್ರು ಬಿಡಿ ಸಾರ್, ತಿಂಗಳು ಬದಲಾಯ್ಸಿ."

೩. ರಿಪೇರಿ

ಮೊದಲ ದೊಡ್ಡ ಆರ್ಡರ್ ಕೊಡುವ ಮುಂಚೆ ಪೊರೆ ಕೊಳ್ಳುವ ಕಂಪನಿಯ ಪರೀಕ್ಷಕರು ಬಂದರು. ಅವರು ಒಪ್ಪದಿದ್ದರೆ ಕಾರ್ಖಾನೆಗೆ ಬೀಗ ಎಂದು ಯಜಮಾನರು ಹೇಳಿಬಿಟ್ಟಿದ್ದರು. ಎರಡು ದಿನದಿಂದ ನನಗೆ ಊಟ ಸೇರಿರಲಿಲ್ಲ.

ಪರೀಕ್ಷಕರು ಚೌಕಟ್ಟಿಗೆ ಬಿಗಿದ ಹಾಳೆಯನ್ನು ನೀರಲ್ಲಿ ಮುಳುಗಿಸಿ ಕೆಳಗಿನಿಂದ ಗಾಳಿ ಬಿಟ್ಟರು. ಹಾಳೆಯ ಉದ್ದಗಲಕ್ಕೂ ಸಣ್ಣ ಗುಳ್ಳೆಗಳು ಏಳಬೇಕು. ಒಂದೂ ಏಳಲಿಲ್ಲ.

ಹೊಸನಗರದ ಕಡೆಯಿಂದ ಹೊಸದಾಗಿ ಸೇರಿದ್ದ ಕೆಲಸಗಾರ ನನ್ನ ಹಿಂದೆಯೇ ನಿಂತಿದ್ದ. ತೋಟದ ಪೈಪು ರಿಪೇರಿಯಲ್ಲಿ ಪಳಗಿದ ಕೈ ಅವನದು. ಹೆಮ್ಮೆಯಿಂದ ಕಿವಿಯಲ್ಲಿ ಹೇಳಿದ: "ನಿನ್ನೆ ನೀರಲ್ಲಿ ಮುಳುಗ್ಸಿ ಗಾಳಿ ಬಿಟ್ಟು ನೋಡಿದ್ರೆ ಮೈಯೆಲ್ಲಾ ಸೋರ್ತಿತ್ತು ಸಾರ್. ಅಂಟು ಬಳಿದು ಪೂರಾ ಬಂದ್ ಮಾಡಿದೀನಿ."

"ಎಲ್ಲಾ ಹಾಳೆಗೂ ಬಳ್ದುಬಿಟ್ಯಾ?"

"ಒಂದು ಉಳೀತು ಸಾರ್. ಅಂಟು ಖಾಲಿ ಆತು."

ಅಂಟು ಖಾಲಿಯಾಗಿದ್ದಕ್ಕೆ ಮನೆದೇವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಪರೀಕ್ಷಕರಿಗೆ ಇಂಗ್ಲಿಷಿನಲ್ಲಿ ನಡೆದದ್ದು ಹೇಳಿದೆ. ಅವರು ನಕ್ಕು, ಉಳಿದ ಹಾಳೆಯನ್ನು ನೀರಿಗಿಳಿಸಿದರು. ಸೋಡಾ ಬಾಟಲಿ ತೆರೆದ ಹಾಗೆ ಗುಳ್ಳೆ! ನನ್ನ ಕೈ ಕುಲುಕಿ, ಆರ್ಡರ್ ಕಳಿಸುವುದಾಗಿ ಹೇಳಿ, ಆ ಹಾಳೆಯನ್ನೂ ಕೊಂಡೊಯ್ದರು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹೋದ ಜೀವ ಬಂದ ಹಾಗಾಗಿತ್ತು.

ನಮ್ಮ ರಿಪೇರಿಯವನು ಮಾತ್ರ ಗೇಟು ದಾಟುತ್ತಿದ್ದ ಅವರ ಕಾರನ್ನೇ ನೋಡುತ್ತ ನಿಟ್ಟುಸಿರು ಬಿಟ್ಟ. "ಪಾಪ, ಓದಿದೋರ ಹಾಗೆ ಕಾಣ್ತಿದ್ರು ಸಾರ್. ಅಷ್ಟೆಲ್ಲಾ ಗಟ್ಟಿ ಹಾಳೆ ಬಿಟ್ಟು ಸೋರೋದನ್ನೇ ಆರಿಸ್ಕಂಡು ಹೋದ್ರಲ್ಲ!"