ಪ್ರಿಂಟರಿನ ಹೊಟ್ಟೆಯಲ್ಲಿ ಉಂಗುರ

ರಿಪೇರಿಯವನು ಪ್ಲಗ್ ಕಿತ್ತು, ವೈರು ಸುತ್ತಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ಪ್ರಿಂಟರಿನ ತಲೆಯ ಮೇಲಿಟ್ಟ. ಕೈಗಡಿಯಾರ ಬಿಚ್ಚಿದ. ಕೊನೆಗೆ ಮದುವೆಯ ಉಂಗುರವನ್ನು ತಿರುಗಿಸಿ ತಿರುಗಿಸಿ ತೆಗೆದು ಪ್ರಿಂಟರಿನ ಪಕ್ಕದಲ್ಲಿದ್ದ ಸ್ಕ್ರೂ ಡಬ್ಬಿಯ ಮುಚ್ಚಳದಲ್ಲಿಟ್ಟ. ಆಫೀಸಿಗೆ ಆಫೀಸೇ ಕೆಲಸ ಬಿಟ್ಟು ನೋಡುತ್ತಿತ್ತು.

"ರಿಪೇರಿಗೆ ಬಂದಿದ್ದೋ, ಸ್ನಾನಕ್ಕೋ?" ಎಂದರು ಹಾಜರಿ ಪುಸ್ತಕದ ಅಕ್ಕ. ಅವನ ಪಕ್ಕದ ಮನೆಯವರೇ. ಅವನ ಮನೆಯಲ್ಲಿ ಲೋಟ ಬಿದ್ದರೆ ಸದ್ದು ಮೊದಲು ಕೇಳುತ್ತಿದ್ದುದು ಇವರಿಗೆ.

"ಚಿನ್ನಕ್ಕೂ ಕರೆಂಟಿಗೂ ಬಲು ಸ್ನೇಹ ಅಕ್ಕ. ಮಧ್ಯೆ ನಾನ್ಯಾಕೆ?"

"ಪ್ಲಗ್ ಕಿತ್ತಾಯ್ತಲ್ಲ, ಇನ್ನೆಲ್ಲಿ ಕರೆಂಟು?" ಎಂದರು ಮ್ಯಾನೇಜರ್. "ಕಾಗದ ಸಿಕ್ಕಿಕೊಂಡು ಸಿಕ್ಕಿಕೊಂಡು ಸಾಕಾಗಿದೆ. ಮೂರು ಗಂಟೆಗೆ ಪತ್ರ ಹೋಗ್ಬೇಕಪ್ಪ."

"ಒಳಗೆ ಸ್ವಲ್ಪ ಉಳ್ಕೊಂಡಿರುತ್ತೆ ಸಾರ್. ನೆಂಟರ ಹಾಗೆ, ಹೊರಟೆ ಅಂದ ಮೇಲೂ ಬಾಗಿಲಲ್ಲಿ ಅರ್ಧ ಗಂಟೆ. ರೋಲರು ಬೇರೆ ಸುಡ್ತಿದೆ."

ವೈರನ್ನು ಮೇಜಿಗಿಳಿಸಿ, ಪ್ರಿಂಟರಿನ ಮೇಲಿನ ಮುಚ್ಚಳ ತೆರೆದು, ಯಂತ್ರ ಆರಲಿ ಎಂದು ಅವನು ಟೀ ಕುಡಿಯಲು ಹೋದ. ಬಂದು ನೋಡಿದರೆ ಸ್ಕ್ರೂಗಳಿದ್ದವು, ಗಡಿಯಾರವಿತ್ತು, ಉಂಗುರವಿರಲಿಲ್ಲ.

ಡಬ್ಬಿಯನ್ನೇ ಬೋರಲು ಹಾಕಿ ಹುಡುಕಿದ. ಹಿಂದೆ ಎರಡು ಉಂಗುರ ಕಳೆದಿದ್ದ. ಇದನ್ನು ತೊಡಿಸುವಾಗ ಹೆಂಡತಿ, "ಇದೂ ಹೋದ್ರೆ ಅದರ ಹಿಂದೇನೇ ನೀವೂ ಹೋಗಿ" ಎಂದಿದ್ದಳು. ನಗದೆ ಎಂದಿದ್ದಳು.

"ಯಾರಾದ್ರೂ ಮುಟ್ಟಿದ್ರಾ?"

"ಮೇಜಿಗೆ ನನ್ನ ಕಾಲು ತಾಗ್ತು ಅಷ್ಟೇ," ಎಂದ ಗುಮಾಸ್ತ. "ಏನೋ ಠಣ್ ಅಂತು."

ಅಕ್ಕನನ್ನು ಕೇಳೋಣವೆಂದರೆ ಕುರ್ಚಿ ಖಾಲಿ. ಅವನು ತೆರೆದ ಯಂತ್ರದ ಬಾಯಿ ನೋಡಿದ. ಬಿದ್ದದ್ದು ಅಲ್ಲೇ.

ಸಲಹೆಗಳು ಇರುವೆಗಳಂತೆ ಸಾಲುಗಟ್ಟಿದವು. "ಅಲುಗಾಡಿಸಿ." "ತಲೆಕೆಳಗು ಮಾಡಿ." ಗುಮಾಸ್ತ ಪ್ಲಗ್ಗಿಗೇ ಕೈಹಾಕಿದ. "ಒಂದು ಸಲ ಓಡಿಸಿದ್ರೆ ಕಾಗದದ ಜೊತೆ ತಾನೇ ಬರುತ್ತೆ."

ರಿಪೇರಿಯವನು ಪ್ಲಗ್ಗನ್ನು ಕಸಿದು ಅದರ ಮೇಲೆ ಕುಳಿತೇಬಿಟ್ಟ. "ಉಂಗುರ ಹೋದ್ರೆ ಹೆಂಡ್ತಿ ಬೈತಾಳೆ. ನಾನೇ ಹೋದ್ರೆ, ಬೈಸ್ಕೊಳ್ಳೋಕೂ ಇಲ್ದೆ ಹೋದ ಅಂತ ಇನ್ನೂ ಬೈತಾಳೆ."

ಒಂದೊಂದೇ ಭಾಗ ಬಿಚ್ಚಿದ. ಹೊರಗೆ ಬಂದವು ಎರಡು ಪಿನ್ನು, ಒಂದು ಗುಂಡಿ, ಬಾಚಣಿಗೆಯ ಹಲ್ಲು. ಕೊನೆಯ ರೋಲರಿನ ಅಡಿಗೆ ಟಾರ್ಚ್ ಬಿಟ್ಟಾಗ ಏನೋ ಮಿಣುಕಿತು. ಇಕ್ಕಳದಿಂದ ಎಳೆದ. ಇಂಗಾಲದ ಹಾಗೆ ಕಪ್ಪಾಗಿತ್ತು, ಒರೆಸಿದರೆ ಚಿನ್ನ.

ಅವನು ಬಿಟ್ಟ ಉಸಿರಿಗೆ ಮೇಜಿನ ಕಾಗದಗಳು ಹಾರಿದವು. ಯಂತ್ರವನ್ನೆಲ್ಲ ಜೋಡಿಸಿ ಮುಚ್ಚಿ, ಉಂಗುರವನ್ನು ಬೆರಳಿಗೆ ತಳ್ಳಿದ. ಬಿಗಿಯಾಯಿತು. ಹೆದರಿಕೆಗೆ ಬೆರಳು ಊದಿರಬೇಕೆಂದುಕೊಂಡು ಗೆಣ್ಣು ದಾಟಿಸಿಯೇಬಿಟ್ಟ. ಪ್ಲಗ್ ಹಾಕಿದ. ನಿಜ ಹೇಳಬೇಕೆಂದರೆ ರಿಪೇರಿಯನ್ನು ಅವನಿನ್ನೂ ಶುರುವೇ ಮಾಡಿರಲಿಲ್ಲ. ಆದರೂ ಒಂದು ಕಾಗದವೂ ಸಿಕ್ಕಿಕೊಳ್ಳದೆ ಪತ್ರಗಳು ಸರಸರನೆ ಬಂದವು.

"ಕೈ ಅಂದ್ರೆ ಕೈ ಕಣಪ್ಪ," ಎಂದರು ಮ್ಯಾನೇಜರ್. ಅವನು ಜೀವ ತಣ್ಣಗಾಗಿ ನಕ್ಕ.

ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ. ಹಿಂದೆ ಅವನ ಹೆಂಡತಿ. ಅವಳೂ ನಗುತ್ತಲೇ ಬಂದು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಅವನ ಉಂಗುರವಿತ್ತು.

"ತಗೊಳ್ರೀ. ಚಿನ್ನಾನ ಸ್ಕ್ರೂ ಜೊತೆ ಇಡ್ತಾರಾ? ಅಕ್ಕ ಎತ್ಕೊಂಡು ಬಂದು ಕೊಟ್ಟಿದ್ದಕ್ಕೆ ಉಳೀತು."

ಆಮೇಲೆ ಅವಳ ಕಣ್ಣು ಅವನ ಬೆರಳಿನ ಮೇಲೆ ಬಿತ್ತು. ನಗು ಹೋಯಿತು.

"ಅದನ್ನ ಯಾರು ಕೊಟ್ಟಿದ್ದು?"

"ಪ್ರಿಂಟರು," ಎಂದ. ನಿಜವೇ ಆಗಿದ್ದರೂ ಅವನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು. ಉಂಗುರ ಎಳೆದ. ಬರಲಿಲ್ಲ. ಮತ್ತೆ ಎಳೆದ. ಅಕ್ಕ ಕುರ್ಚಿಯನ್ನು ಹತ್ತಿರ ಸರಿಸಿಕೊಂಡು ಕುಳಿತರು.

ಅವನು ಆಫೀಸಿನ ಕಡೆ ತಿರುಗಿದ. ಜನ್ಮದಲ್ಲಿ ಪತ್ರವನ್ನೇ ಕಾಣದವರಂತೆ ಎಲ್ಲರೂ ಒಂದೊಂದು ಪತ್ರ ಹಿಡಿದು ಓದತೊಡಗಿದ್ದರು.

"ಇದು ಯಾರದ್ದು ಅಂತ ಒಂದು ಮಾತು ಹೇಳಿಬಿಡಿ," ಎಂದ ಅವನು.